ಅಗ್ನಿರೇಖೆಯ ಸವತಿ

ಸವಣೂರಿನ ಎಲೆ ಉಳವಪ್ಪನ ಹೆಂಡತಿ ಫಕ್ಕೀರವ್ವ ಮೂವತ್ತೆಂಟನೆಯ ವರ್ಷದಲ್ಲಿ ಅ ಆ ಇ ಈ ತಿದ್ದಲಿಕ್ಕೆ ಕೂತದ್ದು ಯಾಕೆ ಎಂದು ಕೇಳಿದರೆ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪುರಾಣ ಓದಲಿಕ್ಕಂತೆ, ಬಸ್ಸಿನ ಬೋರ್ಡು ಓದಲಿಕ್ಕಂತೆ, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳಿಗೆ ಕಾಗದ ಬರೆಯಲಿಕ್ಕಂತೆ. ಸುಳ್ಳು, ಎಲ್ಲಾ ಶುದ್ಧ ಸುಳ್ಳು. ಆಕೆ ಅಕ್ಷರ ಕಲಿತದ್ದು ಹೊಟ್ಟೆಕಿಚ್ಚಿನಿಂದ. ಅದೂ ಎಂಥ ಹೊಟ್ಟೆಕಿಚ್ಚು ಅಂತೀರಿ! ಓಣಿಯ ಹೆಂಗಸಿನ ಮೇಲಲ್ಲ, ಪರವೂರಿನ ಹೆಂಗಸಿನ ಮೇಲಲ್ಲ. ಈ ಭೂಮಿಯ ಮೇಲೆ ಒಂದು ದಿನವೂ ಹುಟ್ಟಿರದ, ಒಂದು ಕಾದಂಬರಿಯೊಳಗಿನ ರಾಣಿಯ ಮೇಲೆ.

ಉಳವಪ್ಪ ವೀಳ್ಯದೆಲೆ ವ್ಯಾಪಾರಿ. ಸವಣೂರಿನ ಎಲೆ ಅಂದರೆ ನಮ್ಮ ಕಡೆ ಬೇರೆ ಮಾತೇ ಬೇಡ. ಕಟ್ಟುಗಳನ್ನು ಬಾಳೆಯೆಲೆಯಲ್ಲಿ ಸುತ್ತಿ, ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿಕೊಂಡು ವಾರದಲ್ಲಿ ಮೂರು ನಾಲ್ಕು ದಿನ ಆತ ಬಸ್ಸು ಹತ್ತುತ್ತಿದ್ದ. ಒಂದು ದಿನ ಶಿಗ್ಗಾವಿ, ಒಂದು ದಿನ ಹಾನಗಲ್ಲು, ಒಂದು ದಿನ ಹಿರೇಕೆರೂರು. ಮಾತು ಕಡಿಮೆಯ ಮನುಷ್ಯ. ಮನೆಗೆ ಬಂದರೆ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಹಾಕಿದ್ದನ್ನು ಉಂಡು, ಗೋಡೆಗೆ ಒರಗಿ ಕೂತನೆಂದರೆ ಮುಗಿಯಿತು. ರೊಟ್ಟಿ ಚೆನ್ನಾಗಿದೆ ಅನ್ನಲಿಲ್ಲ, ಕೆಟ್ಟಿದೆ ಅನ್ನಲಿಲ್ಲ. ಗಂಡಸರು ಹೀಗೇ ಇರುತ್ತಾರೆ ಎಂದುಕೊಂಡು ಫಕ್ಕೀರವ್ವ ಇಪ್ಪತ್ತು ವರ್ಷ ಸಂಸಾರ ಮಾಡಿದ್ದಳು. ಬೇರೆ ಥರ ಇರಬಹುದೆಂದು ಗೊತ್ತಾಗಿದ್ದರೆ ತಾನೇ ಸಿಟ್ಟು ಬರಲಿಕ್ಕೆ?

ಗೊತ್ತಾದದ್ದು ಎಪ್ಪತ್ತೇಳನೆಯ ಇಸವಿಯ ಒಂದು ಮಧ್ಯಾಹ್ನ. ಆಕೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಉಳವಪ್ಪ ಮತ್ತು ಊರಿನ ವಾಚನಾಲಯ ನೋಡಿಕೊಳ್ಳುವ ಆತನ ಗೆಳೆಯ ಮಲ್ಲಿಕಸಾಬ ಕೂತಿದ್ದರು. ಎಂದೂ ಬಾಯಿ ಬಿಡದ ಗಂಡ ಒಡ್ಡು ಒಡೆದ ನೀರಿನಂತೆ ಮಾತಾಡುತ್ತಿದ್ದಾನೆ ಎಂದು ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕಿವಿ ಕೊಟ್ಟಳು.

“ಮೊದಲನೇದು ಇಲ್ಲೇ ಸವಣೂರಾಗ ಸಿಕ್ತು ಬಿಡು,” ಎನ್ನುತ್ತಿದ್ದ ಉಳವಪ್ಪ. “ಎರಡನೇದು ಶಿಗ್ಗಾವ್ಯಾಗ. ಮೂರನೇದು ಹಾನಗಲ್ಲಾಗ. ಈಗ ಅದರ ಕೂಡನ ನನ್ನ ಸಂಸಾರ.”

“ನಾಲ್ಕನೇದು?”

“ಹಿರೇಕೆರೂರಾಗ ಐತಂತ. ಅದರ ಸಲುವಾಗಿ ಎರಡು ಸಂತಿ ಹೋಗಿದ್ನಿ. ಯಾವನೋ ಮಾಸ್ತರ ಒಯ್ದಾನಂತ, ತಿಂಗಳಾತು, ಬಿಡವಲ್ಲ.”

“ಭಾಳ ದಪ್ಪ ಅಂತಲ್ಲೋ ಅದು?”

“ದಪ್ಪ ಇದ್ರ ಇರವಲ್ದ್ಯಾಕ. ಒಮ್ಮೆ ಕೈಗೆ ಬಂತಂದ್ರ ಬಿಡಾಕ ಮನಸ ಬರಬೇಕಲ್ಲ! ಆ ಅಗ್ನಿರೇಖೆ ರೂಪ ಏನು, ಧೈರ್ಯ ಏನು! ನಮ್ಮ ಮನ್ಯಾಗಿನಾಕಿಗೆ ಹೇಳಿದ್ರ ತಿಳಿಯೂದಿಲ್ಲ ಮಾರಾಯಾ.”

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ‘ಅದು ಬಂತು, ಅದು ಹೋತು’ ಎಂದೇ ಅನ್ನುವುದು. ಹೊಸದಾಗಿ ಬಂದ ಸೊಸೆಯೂ ಅದು, ತವರಿಗೆ ಬಂದ ಮಗಳೂ ಅದು. ಹೀಗಿರುವಾಗ ಊರಿಗೊಂದರಂತೆ ನಾಲ್ಕು ‘ಅದು’ಗಳ ಲೆಕ್ಕ ಕೇಳಿದ ಹೆಂಡತಿ ಏನು ತಿಳಿಯಬೇಕು ಹೇಳಿ? ಸವತಿ ಒಬ್ಬಳಾಗಿದ್ದರೆ ಫಕ್ಕೀರವ್ವ ಎದೆ ಬಡಿದುಕೊಂಡು ಅತ್ತುಬಿಡುತ್ತಿದ್ದಳೇನೋ. ನಾಲ್ವರು! ಅದರಲ್ಲೂ ನಾಲ್ಕನೆಯದನ್ನು ಒಬ್ಬ ಮಾಸ್ತರ ಒಯ್ದು ಇಟ್ಟುಕೊಂಡಿದ್ದಾನೆ, ಈತ ಪಾಳಿ ಕಾಯುತ್ತಿದ್ದಾನೆ! ಹಿಟ್ಟು ಮೆತ್ತಿದ ಕೈಯಲ್ಲೇ ಸೀರೆಯ ಗಂಟು ಕಟ್ಟಿಕೊಂಡು, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ತವರೂರು ಹಿರೇಬೆಂಡಿಗೇರಿಗೆ ಹೊರಟೇ ಹೋದಳು.

ಎಂಟು ದಿನ ಕಳೆದ ಮೇಲೆ ಆಕೆಯ ಅಣ್ಣ ನಾಲ್ಕು ಮಂದಿ ಹಿರಿಯರನ್ನು ಪಡಸಾಲೆಯಲ್ಲಿ ಕೂರಿಸಿ ಉಳವಪ್ಪನನ್ನು ಕರೆಸಿದ. ಉಳವಪ್ಪ ಮಲ್ಲಿಕಸಾಬನ ಜೊತೆ ಬಂದ. ಸಂಗತಿ ಏನೆಂದು ತಿಳಿದ ಮೇಲೆ ಹೆಗಲ ಚೀಲದಿಂದ ಇಟ್ಟಿಗೆಯಂಥ ಒಂದು ಪುಸ್ತಕ ತೆಗೆದು ಹಿರಿಯರ ನಡುವೆ ಇಟ್ಟು, “ಹಾನಗಲ್ಲಿಂದು ಇದ ನೋಡ್ರಿ,” ಅಂದ.

‘ಸಪ್ತದ್ವೀಪದ ಸಿಂಹಾಸನ’, ಮೂರನೆಯ ಸಂಪುಟ. ಏಳು ದ್ವೀಪ, ಹದಿನಾಲ್ಕು ಅರಸರು, ಮಾತಾಡುವ ಹದ್ದು, ಕಣ್ಣಿಗೆ ಕಾಣದ ಕೋಟೆ, ಅವೆಲ್ಲವನ್ನೂ ಗೆಲ್ಲಲು ಹೊರಟ ರಾಣಿ ಅಗ್ನಿರೇಖೆ. ಎಪ್ಪತ್ತೊಂದರಿಂದ ಎರಡು ವರ್ಷಕ್ಕೊಂದರಂತೆ ನಾಲ್ಕು ಸಂಪುಟ ಬಂದಿದ್ದವು. ಯಾವ ವಾಚನಾಲಯವೂ ನಾಲ್ಕನ್ನೂ ತರಿಸಿರಲಿಲ್ಲ. ಹಾಗಾಗಿ ಎಲೆಯ ಬುಟ್ಟಿ ಹೋದಲ್ಲೆಲ್ಲ ಉಳವಪ್ಪ ಒಂದೊಂದನ್ನು ಹಿಡಿಯುತ್ತಿದ್ದ. ಮಲ್ಲಿಕಸಾಬ ಇಷ್ಟನ್ನು ಬಿಡಿಸಿ ಹೇಳುವಷ್ಟರಲ್ಲಿ ಹಿರಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಫಕ್ಕೀರವ್ವನ ಅಣ್ಣನಂತೂ ಕೆಮ್ಮು ಹತ್ತಿ ಹೊರಗೆ ಓಡಿದ.

ಫಕ್ಕೀರವ್ವ ನಗಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಹಿರಿಯರಲ್ಲಿ ಒಬ್ಬರು, “ಅಂಥಾದ್ದೇನೈತೋ ಅದರಾಗ?” ಎಂದು ಕೇಳಿದ್ದೇ ತಡ, ಉಳವಪ್ಪ ಪುಸ್ತಕವನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡ. ಅಗ್ನಿರೇಖೆ ಕಪ್ಪು ನದಿ ದಾಟಿದ್ದು ಹೇಗೆ, ಅಣ್ಣನ ಜೀವ ಉಳಿಸಲು ಮೂರು ದಿನ ಹಿಮದಲ್ಲಿ ನಿಂತದ್ದು ಹೇಗೆ, ಆಕೆ ಕೂದಲು ಬಿಚ್ಚಿದರೆ ಹೊಗೆ ಎದ್ದಂತೆ ಕಾಣುವುದು ಹೇಗೆ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಆತನ ಮುಖ ಬೆಳಗಿಹೋಯಿತು. ಮದುವೆಯಲ್ಲೂ ಕಾಣದ, ಮಕ್ಕಳು ಹುಟ್ಟಿದಾಗಲೂ ಕಾಣದ ಬೆಳಕು. “ಇಂಥಾ ಹೆಣಮಗಳು ಸಾವಿರ ವರ್ಷಕ್ಕೊಬ್ಬಾಕಿ ಹುಟ್ಟೂದು ನೋಡ್ರಿ,” ಎಂದು ಮುಗಿಸಿ ಪುಸ್ತಕವನ್ನು ಇನ್ನೊಮ್ಮೆ ಒರೆಸಿದ.

ಅಯ್ಯ ಶಿವನೇ! ಫಕ್ಕೀರವ್ವನಿಗೆ ಆಗಲೇ ಅರ್ಥವಾಯಿತು. ನಾಲ್ವರಿಲ್ಲ, ಇರುವವಳು ಒಬ್ಬಳೇ, ಆದರೆ ಆ ಒಬ್ಬಳು ಇದ್ದಾಳೆ. ಹಾನಗಲ್ಲಿನ ಹೆಂಗಸಾಗಿದ್ದರೆ ಹೋಗಿ ಜುಟ್ಟು ಹಿಡಿದು ಬೀದಿಗೆ ಎಳೆಯಬಹುದಿತ್ತು. ಆಕೆಗೂ ಒಂದು ದಿನ ಮುಪ್ಪು ಬರುತ್ತಿತ್ತು, ಹಲ್ಲು ಬೀಳುತ್ತಿತ್ತು. ಇವಳಿಗೆ ಏನು ಬರುತ್ತದೆ? ಎರಡು ವರ್ಷಕ್ಕೊಮ್ಮೆ ಹೊಸ ಸಂಪುಟ ಬರುತ್ತದೆ! ಫಕ್ಕೀರವ್ವ ಗಂಡನ ಹಿಂದೆ ಮನೆಗೆ ಬಂದಳು. ಆದರೆ ಅವತ್ತಿನಿಂದ ಆ ಮನೆಯಲ್ಲಿ ಮೂರು ಜನ ಇದ್ದರು ಎಂದೇ ತಿಳಿಯಿರಿ.

ಎಪ್ಪತ್ತೊಂಬತ್ತರಲ್ಲಿ ಸವಣೂರಿಗೆ ವಯಸ್ಕರ ಶಿಕ್ಷಣ ಬಂತು. ಮಧ್ಯಾಹ್ನ ಊಟವಾದ ಮೇಲೆ ಮಹಾದೇವಕ್ಕ ಎಂಬ ಶಿಕ್ಷಕಿ ಹೆಂಗಸರಿಗೆ ಪಾಟಿ ಬಳಪ ಕೊಟ್ಟು ಕಲಿಸುತ್ತಿದ್ದರು. ಎಲ್ಲರಿಗಿಂತ ಮೊದಲು ಹೆಸರು ಹಚ್ಚಿದವಳು ಫಕ್ಕೀರವ್ವ. ಬೇರೆಯವರಿಗೆ ತಮ್ಮ ಹೆಸರು ಬರೆಯುವ ಆಸೆ, ಈಕೆಗೆ ಸವತಿಯ ಹೆಸರು ಓದುವ ಆಸೆ. ‘ಅ’ ಎರಡೇ ದಿನಕ್ಕೆ ಬಂತು. ಆಮೇಲೆ ‘ಗ್ನಿ’ ಬರಲಿಲ್ಲ. ಅದು ಒತ್ತಕ್ಷರ, ಎಲ್ಲಕ್ಕಿಂತ ಕಡೆಗೆ ಕಲಿಸುವುದು.

“ಒತ್ತು ಯಾವಾಗ ಬರ್ತಾವ್ರಿ ಅಕ್ಕೋರ?” ಎಂದು ದಿನಾ ಕೇಳುತ್ತಿದ್ದಳು.

“ನಿಂದ್ರವಾ, ಮೊದಲ ಕಾಗುಣಿತ ಮುಗೀಲಿ. ಒತ್ತಿನ ಮ್ಯಾಲ ಯಾಕ ಅಷ್ಟು ಅವಸರ ನಿಂದು?”

“ಒಬ್ಬಾಕಿ ಸಲುವಾಗಿ ಐತ್ರಿ,” ಅಂದಳು ಫಕ್ಕೀರವ್ವ. ಮಹಾದೇವಕ್ಕ ಮಗಳ ಹೆಸರೋ ಮೊಮ್ಮಗಳ ಹೆಸರೋ ಇರಬೇಕೆಂದು ಸುಮ್ಮನಾದರು.

ಒಂದು ವರ್ಷಕ್ಕೆ ಅಕ್ಷರ ಕೂಡಿದವು. ಆಮೇಲೆ ಉಳವಪ್ಪ ಸಂತೆಗೆ ಹೋದ ದಿನಗಳಲ್ಲಿ ಫಕ್ಕೀರವ್ವ ವಾಚನಾಲಯಕ್ಕೆ ಹೋಗಿ ಮಲ್ಲಿಕಸಾಬನ ಮುಂದೆ ನಿಂತಳು. “ಮಲ್ಲಿಕಸಾಬಣ್ಣಾ, ಅವರಿಗೆ ಹೇಳಬ್ಯಾಡ್ರಿ, ಅದನ್ನ ಕೊಡ್ರಿ.” ಮಲ್ಲಿಕಸಾಬ ಯಾವುದು ಎಂದು ಕೇಳಲಿಲ್ಲ. ಬೇರೆ ಊರಿನ ಸಂಪುಟಗಳನ್ನೂ ತಾನೇ ತರಿಸಿಕೊಟ್ಟ. ಬೆರಳಿಟ್ಟು, ತುಟಿ ಅಲುಗಿಸುತ್ತ, ದಿನಕ್ಕೆ ಎರಡು ಪುಟ ಮೂರು ಪುಟದಂತೆ ನಾಲ್ಕು ಸಂಪುಟ ಮುಗಿಸಲು ಆಕೆಗೆ ಮೂರು ವರ್ಷ ಹಿಡಿಯಿತು. ಸವತಿಯನ್ನು ಅಷ್ಟು ಸಾವಕಾಶ ನೋಡಿದ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೊಬ್ಬಳು ಇರಲಾರಳು.

ಏನನ್ನಿಸಿತು ಅಂತೀರಾ? ಒಂದು ಸಲ ಮಲ್ಲಿಕಸಾಬನೇ ಕೇಳಿದ. ಫಕ್ಕೀರವ್ವ ಬಾಯಿ ತೆರೆದಳು, ಅರ್ಧ ತಾಸು ಮುಚ್ಚಲಿಲ್ಲ. “ಎರಡು ಸಾವಿರ ಪುಟ ಆತು, ಆ ರಾಣಿಗೆ ಒಮ್ಮೆ ಆದ್ರೂ ಹಸಿವಿ ಆತೇನ್ರಿ? ಒಮ್ಮೆ ಎಣ್ಣಿ ಹಚ್ಚಿ ಎರಕೊಂಡ್ಲೇನ್ರಿ? ಹಂಗ ಕೂದಲ ಬಿಚ್ಚಿಕೊಂಡು ಏಳು ದ್ವೀಪ ತಿರುಗಿದ್ರ ಸಿಕ್ಕ ಬಿಡಿಸಾವ್ರು ಯಾರು? ಮೂರನೇದರಾಗ ಬರದಾನ ನೋಡ್ರಿ, ‘ಭೋಜನಾನಂತರ ಹತ್ತು ಸಾವಿರ ಸೈನಿಕರು ಹೊರಟರು’ ಅಂತ. ಹತ್ತ ಸಾವಿರ ಮಂದಿಗೆ ಭೋಜನ ಮಾಡಿದಾಕಿ ಯಾವಾಕಿ? ಆಕಿ ಹೆಸರಿಲ್ಲ, ಆಕಿ ಸುದ್ದಿನ ಇಲ್ಲ! ಇವಾ ಬರದಾಂವ ಉಂಡ ತಾಟ ಎತ್ತಿಟ್ಟಾಂವ ಅಲ್ಲ, ತಗೋರಿ.”

ಮಲ್ಲಿಕಸಾಬ ತಲೆಯಾಡಿಸಿದ. ಅವಳು ಹೇಳದೇ ಬಿಟ್ಟ ಇನ್ನೊಂದು ಅಭಿಪ್ರಾಯವೂ ಇತ್ತು. ಕಪ್ಪು ನದಿ ದಾಟುವ ಅಧ್ಯಾಯ ಓದುವಾಗ ಆಕೆಗೆ ಒಲೆಯ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗಿರಲಿಲ್ಲ. ಛೀ, ಇವಳು ನನ್ನನ್ನೂ ಹಿಡಿದಳಲ್ಲ ಎಂದು ಅವತ್ತು ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ಪುಸ್ತಕವನ್ನು ದೂರ ನೂಕಿದ್ದಳು. ಮರುದಿನ ಮತ್ತೆ ತೆಗೆದಿದ್ದಳು. ಆ ರಾಣಿ ಕಣ್ಣಿಗೆ ಕಟ್ಟುವಂತೆ ಅಷ್ಟು ಚೆಂದವಿದ್ದದ್ದಕ್ಕೇ ತಾನೇ ಆ ಉರಿ.

ಎಂಬತ್ಮೂರರಲ್ಲಿ ಉಳವಪ್ಪನ ಕಣ್ಣು ಮಬ್ಬಾಗತೊಡಗಿತು. ಹುಬ್ಬಳ್ಳಿಯ ಡಾಕ್ಟರು ಕಣ್ಣಿನ ನರವೇ ಬತ್ತಿದೆ, ಇದಕ್ಕೆ ಆಪರೇಷನ್ ಇಲ್ಲ ಎಂದರು. ಒಂದು ವರ್ಷದೊಳಗೆ ಬಾಗಿಲಿನ ಬೆಳಕು, ಮನುಷ್ಯರ ನೆರಳು, ಅಷ್ಟು ಬಿಟ್ಟರೆ ಏನೂ ಕಾಣದಾಯಿತು. ಫಕ್ಕೀರವ್ವ ಅಳುತ್ತ ಕೂರಲಿಲ್ಲ. ಎಲೆಯ ಬುಟ್ಟಿ ತಾನೇ ಎತ್ತಿಕೊಂಡು ಬಸ್ಸು ಹತ್ತಿದಳು. ಬೋರ್ಡು ಓದಲು ಬರುತ್ತಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಅಲ್ಲ, ಇನ್ನೊಂದು ಸತ್ಯ ಹೇಳಿಬಿಡುತ್ತೇನೆ, ಆಕೆಯ ಮನಸ್ಸಿನ ಒಂದು ಮೂಲೆಗೆ ಸಮಾಧಾನವೂ ಆಗಿತ್ತು. ಇನ್ನು ಆ ರಾಣಿಯನ್ನು ನೋಡಲಿಕ್ಕೆ ಈತನಿಗೆ ಕಣ್ಣಿಲ್ಲ. ಎಂಥ ಪಾಪದ ವಿಚಾರ ಎಂದು ಆಕೆಯೇ ಕೆನ್ನೆ ಬಡಿದುಕೊಂಡಳು. ಆದರೂ ಬಂದ ವಿಚಾರ ಬಂದದ್ದೇ.

ಎಂಬತ್ತೈದರ ಶ್ರಾವಣದಲ್ಲಿ ಮಲ್ಲಿಕಸಾಬ ಮನೆತನಕ ಬಂದು ಹೇಳಿದ. ಎಂಟು ವರ್ಷದ ಮೇಲೆ ಐದನೆಯ ಸಂಪುಟ ಬಂದಿದೆ, ಕಡೆಯದು. ಹಿರೇಕೆರೂರಿನ ವಾಚನಾಲಯದಲ್ಲಿ ಮಾತ್ರ ಇದೆ. ನಾಲ್ಕನೆಯ ಸಂಪುಟದ ಕೊನೆಯಲ್ಲಿ ಅಗ್ನಿರೇಖೆ ಎದೆಗೆ ಬಾಣ ನೆಟ್ಟು ಶಿಬಿರದಲ್ಲಿ ಎಚ್ಚರತಪ್ಪಿ ಮಲಗಿದ್ದಳು. ಎಂಟು ವರ್ಷದಿಂದ ಹಾಗೇ ಮಲಗಿದ್ದಳು.

ಗೆಳೆಯ ಹೋದ ಮೇಲೆ ಉಳವಪ್ಪ, “ಫಕ್ಕೀರಿ, ನೀ ಅಕ್ಷರ ಕಲ್ತಿ ಅಲ್ಲೇನ? ನನಗ ಓದಿ ಹೇಳ್ತೀಯೇನ?” ಎಂದು ಕೇಳಿದ.

ಇಪ್ಪತ್ತೆಂಟು ವರ್ಷದಲ್ಲಿ ಆತ ಆಕೆಯನ್ನು ಹೀಗೆ ಏನನ್ನೂ ಬೇಡಿರಲಿಲ್ಲ. ಫಕ್ಕೀರವ್ವನ ಎದೆ ತುಂಬಿ ಬಂತು. “ಅಯ್ಯ, ಓದ್ತೇನಿ ಬಿಡ್ರಿ, ಅದಕ್ಕೇನಾತು,” ಅನ್ನುವಷ್ಟರಲ್ಲಿ ಆತ ಇನ್ನೊಂದು ಮಾತು ಸೇರಿಸಿದ. “ಅಗ್ನಿರೇಖೆ ಏನಾದ್ಲೋ ಏನೋ, ಜೀವ ಹೊಡಕೊಳ್ಳಾಕತ್ತೈತಿ.” ಬಂದ ಸಂತೋಷ ಬಂದ ದಾರಿಯಲ್ಲೇ ಹೋಯಿತು.

ಸಂತೆಯ ದಿನ ಹಿರೇಕೆರೂರಿಗೆ ಹೋಗಿ ಎಲೆ ಉಳವಪ್ಪನ ಹೆಸರು ಹೇಳಿ ಪುಸ್ತಕ ತಂದಳು. ಮರುದಿನ ಮಧ್ಯಾಹ್ನ ಗಂಡನ ಎದುರಿಗೆ ಕೂತು ಮೊದಲನೆಯ ಪುಟ ತೆರೆದಳು. ಆತ ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡು, ಪೂಜೆಗೆ ಕೂತವನಂತೆ ಕೂತಿದ್ದ. ಅಚ್ಚಾಗಿದ್ದ ಮೊದಲ ವಾಕ್ಯ ಇಷ್ಟೇ: ‘ಅಗ್ನಿರೇಖೆಯು ಮೆಲ್ಲನೆ ಕಣ್ಣು ತೆರೆದಳು.’

ಫಕ್ಕೀರವ್ವ ಗಂಡನ ಜೋಡಿಸಿದ ಕೈ ನೋಡಿದಳು. ಪುಟ ನೋಡಿದಳು. ಓದಿದಳು: “ಅಗ್ನಿರೇಖೆಯು ಕಣ್ಣು ತೆರೆಯಲಿಲ್ಲ.”

ಒಂದು ‘ಇಲ್ಲ’ ಅಷ್ಟೇ. ಕತ್ತಿ ಬೇಕಾಗಲಿಲ್ಲ, ವಿಷ ಬೇಕಾಗಲಿಲ್ಲ. ಉಳವಪ್ಪ ಕೈ ಬಿಟ್ಟ. “ಏನಂದಿ?” “ಹಂಗ ಬರದಾನ್ರಿ. ತೀರಿಕೊಂಡ್ಲಂತ.” ಆತ ಆ ದಿನ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಅಡುಗೆಮನೆಯಲ್ಲಿ ಫಕ್ಕೀರವ್ವ ಗೆದ್ದ ಸಂತೋಷಕ್ಕೆ ಒಮ್ಮೆ, ಆತನ ಮುಖ ನೋಡಿ ಹೆದರಿ ಒಮ್ಮೆ, ಸೆರಗಿನಿಂದ ಬೆವರು ಒರೆಸಿಕೊಂಡಳು. ನನ್ನ ಸಲುವಾಗಿ ಹೀಗೆ ಎರಡು ದಿನ ಉಪವಾಸ ಕೂರುತ್ತಾನೋ ಇಲ್ಲವೋ ಎಂಬ ಪ್ರಶ್ನೆಯೂ ಅಲ್ಲೇ ಬಂತು.

ಮೂರನೆಯ ದಿನ ಉಳವಪ್ಪ ಕೇಳಿದ. “ಆಕಿ ಹೋದ ಮ್ಯಾಲ ಇಷ್ಟು ದಪ್ಪ ಪುಸ್ತಕದಾಗ ಮತ್ತೇನ ಬರದಾನ?”

ನೋಡಿ, ಕೊಂದವಳಿಗೆ ಇದು ಹೊಳೆದಿರಲಿಲ್ಲ. ಆರು ನೂರು ಪುಟ, ಪುಟಪುಟಕ್ಕೂ ಆ ರಾಣಿ ಓಡಾಡಿಕೊಂಡಿದ್ದಾಳೆ. ಒಂದು ಸಾಲೂ ಓದುವ ಹಾಗಿಲ್ಲ. ಫಕ್ಕೀರವ್ವ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಗಂಟಲು ಸರಿಮಾಡಿಕೊಂಡು, ಬಾಯಿಗೆ ಬಂದದ್ದನ್ನು ಪುಸ್ತಕದ ಧಾಟಿಯಲ್ಲಿ ಹೇಳತೊಡಗಿದಳು. ರಾಣಿ ಸತ್ತಳೆಂದು ಅರಸರೆಲ್ಲ ಅಳುತ್ತ ಕೂತರು, ಹತ್ತು ಸಾವಿರ ಸೈನಿಕರು ಹಸಿದರು. ಆಗ ಶಿಬಿರದ ಹಿಂದಿನ ಬಿಡಾರದಿಂದ ಒಬ್ಬ ಅಡುಗೆಯ ಮುದುಕಿ ಎದ್ದು ಬಂದಳು, ಆಕೆಯ ಹೆಸರು ಗುತ್ತೆವ್ವ.

“ಗುತ್ತೆವ್ವ? ಏಳು ದ್ವೀಪದಾಗ ಗುತ್ತೆವ್ವ ಅಂತ ಹೆಸರ ಇಡ್ತಾರೇನ?”

“ಬರದಾನಲ್ರಿ, ನಾ ಏನ ಮಾಡ್ಲಿ?”

ಗುತ್ತೆವ್ವ ಒಲೆ ಹಚ್ಚಿದಳು. ಅತ್ತದ್ದು ಸಾಕು, ಉಂಡು ಅಳ್ರಿ ಎಂದು ಅರಸರನ್ನು ಗದರಿಸಿ ಸಾಲಾಗಿ ಕೂರಿಸಿದಳು. ವೈರಿಯ ದೂತ ಬಂದರೆ ಆತನಿಗೂ ಒಂದು ತಾಟು ಇಟ್ಟಳು. ಉಂಡವನು ಹೇಗೆ ಬಾಣ ಬಿಡುತ್ತಾನೆ? ದಿನಾ ಒಂದು ತಾಸು ಫಕ್ಕೀರವ್ವ ‘ಓದಿದಳು’. ಗಂಡನಿಗೆ ಸಪ್ಪಳ ಕೇಳಬೇಕೆಂದು ಆಗಾಗ ಪುಟ ತಿರುವುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಪುಸ್ತಕವನ್ನು ಹಿರೇಕೆರೂರಿಗೆ ಹೊತ್ತೊಯ್ದು ಹೊಸ ತಾರೀಖು ಹಾಕಿಸಿಕೊಂಡು ಬರುತ್ತಿದ್ದಳು. ಬಸ್ಸಿನಲ್ಲಿ ಕೂತರೆ ಗುತ್ತೆವ್ವನ ಮುಂದಿನ ಸಂಗತಿಗಳು ತಾವಾಗಿ ಬರುತ್ತಿದ್ದವು. ಅವೇನು ಹೊಸವಲ್ಲ, ತಾನು ಕಂಡ ಬಾಣಂತಿಯರು, ಜಗಳ, ಸಾವು, ಸಂತೆ, ಎಲ್ಲವನ್ನೂ ಏಳು ದ್ವೀಪಕ್ಕೆ ಸಾಗಿಸಿದಳು.

ಉಳವಪ್ಪ ಮೊದಲು ಮುಖ ಗಂಟಿಕ್ಕಿಕೊಂಡು ಕೇಳಿದ, ಆಮೇಲೆ ಸುಮ್ಮನೆ ಕೇಳಿದ. ತಿಂಗಳಾಗುವಷ್ಟರಲ್ಲಿ, “ಇಂದ ಎಷ್ಟೊತ್ತಿಗೆ ಓದ್ತಿ?” ಎಂದು ಬೆಳಿಗ್ಗೆಯಿಂದಲೇ ಕೇಳತೊಡಗಿದ. ಕಟ್ಟೆಗೆ ಬಂದವರ ಮುಂದೆ ಆತನ ಅಭಿಪ್ರಾಯವೂ ಬದಲಾಯಿತು. “ಮೊದಲಿನ ನಾಲ್ಕು ಏನೂ ಅಲ್ಲ ಬಿಡ್ರಿ. ಐದನೇದರ ಮುಂದ ಅವು ಹುಡುಗರ ಆಟ. ಗುತ್ತೆವ್ವ ಅಂದ್ರ ಗುತ್ತೆವ್ವ!” ಮಲ್ಲಿಕಸಾಬ ಆ ಪುಸ್ತಕ ಓದಿರಲಿಲ್ಲವಾಗಿ ಸುಮ್ಮನೆ ಹೌದು ಅಂದ. ಒಳಗೆ ಫಕ್ಕೀರವ್ವನ ಕಿವಿ ಬಿಸಿಯಾಯಿತು. ಯಾರೋ ತನ್ನ ತಲೆಗೆ ಹೂವು ಮುಡಿಸಿದ ಹಾಗಿತ್ತು. ಆದರೆ ಹೂವು ಹೋಗುತ್ತಿದ್ದದ್ದು ಬೇರೆ ಯಾರದೋ ತಲೆಗೆ.

ಒಂದು ದಿನ ಊಟಕ್ಕೆ ಕೂತಾಗ ಉಳವಪ್ಪ ರೊಟ್ಟಿ ಮುರಿದು, ಬದನೆಯ ಎಣಗಾಯಿಗೆ ಅದ್ದಿ, ಅಗಿಯುತ್ತ ಅಂದ. “ಗುತ್ತೆವ್ವನ ಕೈಯಾಗಿನ ರೊಟ್ಟಿ ಹಾಲಿನಂಗ ಕರಗ್ತಾವಂತ. ಅಂಥಾ ರೊಟ್ಟಿ ನಮ್ಮ ಮನ್ಯಾಗ ಯಾಕ ಆಗೂದಿಲ್ಲ?”

ಆ ರೊಟ್ಟಿ ಯಾರದು? ಫಕ್ಕೀರವ್ವನದು! ತಾನು ಬಡಿಯುವ ಹಾಗೆ, ತನ್ನ ಬೆರಳು ತಿರುಗುವ ಹಾಗೆ, ಒಂದೊಂದನ್ನೂ ನೋಡಿಕೊಂಡು ಗುತ್ತೆವ್ವನ ಕೈಗೆ ಕೊಟ್ಟ ರೊಟ್ಟಿ. ಅದನ್ನೇ ಬಾಯಲ್ಲಿಟ್ಟುಕೊಂಡು ಈ ಮನುಷ್ಯ ಇನ್ನೊಬ್ಬಳ ರೊಟ್ಟಿ ಬಯಸುತ್ತಿದ್ದಾನೆ. ಫಕ್ಕೀರವ್ವ ಹಂಚಿನ ಮೇಲಿನದನ್ನು ಮಗುಚುವುದನ್ನೂ ಮರೆತು ನಿಂತಳು.

ಅದಕ್ಕಿಂತ ದೊಡ್ಡದು ನಾಲ್ಕು ದಿನ ಬಿಟ್ಟು ಬಂತು. “ಒಂದು ಕಾಗದ ತಗೋ,” ಅಂದ ಉಳವಪ್ಪ. “ಬರದ ಪುಣ್ಯಾತ್ಮಗ ಕಾಗದ ಹಾಕೂಣು. ನಾ ಹೇಳ್ತೇನಿ, ಬರಿ. ‘ಸ್ವಾಮಿ, ನಾನು ಸವಣೂರಿನ ಎಲೆ ವ್ಯಾಪಾರಿ. ಗುತ್ತೆವ್ವನನ್ನು ಬರೆದ ನಿಮ್ಮ ಕೈಗೆ ಶರಣು. ನೀವು ನಮ್ಮಂಥವರ ಮನೆಯ ಒಳಗು ಕಂಡವರು. ಆ ಕೈಯನ್ನು ಒಮ್ಮೆ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕೆಂಬ ಆಸೆ ಇದೆ.’ ಬರದ್ಯಾ?”

ಕೈಗೆ ಶರಣು! ಇಪ್ಪತ್ತೆಂಟು ವರ್ಷ ಈತನಿಗೆ ಉಣ್ಣಲು ನೀಡಿದ ಕೈ, ಎರಡು ವರ್ಷದಿಂದ ಈತನನ್ನು ಹಿಡಿದು ನಡೆಸಿದ ಕೈ, ಈಗ ಈ ಶರಣನ್ನು ಬರೆಯುತ್ತಿರುವ ಕೈ ಇಲ್ಲೇ ಒಂದು ಮೊಳದ ದೂರದಲ್ಲಿದೆ. ಶರಣು ಹೋಗುವುದು ತಾಟು ಎತ್ತಿಡದ ಯಾವನಿಗೋ. ರಾಣಿಯ ಮೇಲಿನ ಹೊಟ್ಟೆಕಿಚ್ಚು ಏನೂ ಅಲ್ಲ ಅನ್ನಿಸುವಷ್ಟು ಹೊಟ್ಟೆಕಿಚ್ಚು ಆ ಬರೆದವನ ಮೇಲೆ ಉರಿದೆದ್ದಿತು. ಫಕ್ಕೀರವ್ವ ಪೆನ್ನು ಒಗೆದಳು.

“ಗುತ್ತೆವ್ವನ್ನ ಅವಾ ಬರದಿಲ್ರಿ! ನಾ! ನಾ ಹುಟ್ಟಿಸೇನಿ ಆಕಿನ್ನ!”

ಉಳವಪ್ಪ ಗಟ್ಟಿಯಾಗಿ ನಕ್ಕ. “ಏ ಹುಚ್ಚಿ, ಮೊನ್ನೆಮೊನ್ನೆ ಪಾಟಿ ಹಿಡದಾಕಿ ನೀ. ಅಂಥಾ ಮಾತ ನಿನ್ನ ಬಾಯಾಗ ಎಲ್ಲಿಂದ ಬರಬೇಕು? ಅದನ್ನ ಬರಿಯಾಕ ಏಳು ಜನ್ಮದ ಪುಣ್ಯಾ ಬೇಕು. ಹುಂ, ಮುಂದ ಬರಿ.”

ಆಕೆ ಬರೆಯಲಿಲ್ಲ. ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಮನೆಯೊಳಗೆ ತಿರುಗಾಡಿದಳು. ನಂಬಿಸುವ ದಾರಿ ಇತ್ತು, ಒಂದೇ ಇತ್ತು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿಬಿಡಬೇಕು. ಆದರೆ ಮೊದಲನೆಯ ಸಾಲಿನಲ್ಲೇ ಆ ರಾಣಿ ಕಣ್ಣು ತೆರೆಯುತ್ತಾಳಲ್ಲ! ಗುತ್ತೆವ್ವ ನನ್ನವಳು ಅನ್ನಬೇಕಾದರೆ ಕೊಂದ ಸವತಿಯನ್ನು ತನ್ನ ಬಾಯಿಂದಲೇ ಎಬ್ಬಿಸಿ ಕೂರಿಸಬೇಕು. ಸುಮ್ಮನಿದ್ದರೆ ಅವಳು ಸತ್ತೇ ಇರುತ್ತಾಳೆ, ಆದರೆ ಗುತ್ತೆವ್ವ ಎಂದೆಂದಿಗೂ ಆ ಪರವೂರಿನ ಗಂಡಸಿನ ಪಾಲು. ಯಾವುದನ್ನು ಬಿಡುತ್ತೀ ಫಕ್ಕೀರವ್ವಾ?

ಮೂರನೆಯ ಮಧ್ಯಾಹ್ನ ಗಂಡನ ಎದುರಿಗೆ ಕೂತು ಮೊದಲ ಪುಟ ತೆರೆದಳು.

“ಅಗ್ನಿರೇಖೆಯು ಮೆಲ್ಲನೆ ಕಣ್ಣು ತೆರೆದಳು. ಶಿಬಿರದ ಹೊರಗೆ ಏಳು ದ್ವೀಪಗಳ ಪತಾಕೆಗಳು ಗಾಳಿಗೆ ಪಟಪಟಿಸುತ್ತಿದ್ದವು. ‘ನನ್ನ ಖಡ್ಗವೆಲ್ಲಿ?’ ಎಂದು ಕೇಳಿದಳು...”

ಉಳವಪ್ಪ ನೆಟ್ಟಗೆ ಕೂತ. ಆಕೆ ನಿಲ್ಲಿಸಲಿಲ್ಲ. ಬೆರಳಿಟ್ಟು, ಒತ್ತಕ್ಷರಗಳಲ್ಲಿ ಎಡವಿ ಎಡವಿ, ಮೂರು ಪುಟ ಓದಿದಳು. ಕತೆ ಹೇಳುವಾಗ ಎಂದೂ ಎಡವದ ದನಿ ಈಗ ಸಾಲು ಸಾಲಿಗೂ ಎಡವುತ್ತಿತ್ತು. ಅದನ್ನು ಕೇಳಿಯೇ ಆತನಿಗೆ ನಿಜ ತಿಳಿಯಿತು.

“ಬದುಕ್ಯಾಳ?”

“ಬದುಕ್ಯಾಳ್ರಿ. ಆಕಿ ಸತ್ತ ಇಲ್ಲ. ಕೊಂದಾಕಿ ನಾನ.”

ಉಳವಪ್ಪನ ಮುಖದ ಮೇಲೆ ಆ ಬೆಳಕು ಬಂತು. ಹಿರೇಬೆಂಡಿಗೇರಿಯ ಪಡಸಾಲೆಯಲ್ಲಿ ಕಂಡದ್ದೇ, ಒಂದು ಎಳೆಯೂ ಕಡಿಮೆಯಿಲ್ಲ. ಕೈ ಚಾಚಿ, ತಡಕಾಡಿ, ಹೆಂಡತಿಯ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡ. ಆ ಹಿಡಿತ ಯಾರ ಸಲುವಾಗಿ, ತನ್ನ ಸಲುವಾಗಿಯೋ ಬದುಕಿ ಬಂದವಳ ಸಲುವಾಗಿಯೋ ಎಂದು ಫಕ್ಕೀರವ್ವನಿಗೆ ತಿಳಿಯಲಿಲ್ಲ. ಆಕೆ ಕೈ ಬಿಡಿಸಿಕೊಳ್ಳಲೂ ಇಲ್ಲ.

ಆಮೇಲೆ ಆತನ ಹಿಡಿತ ಸಡಿಲವಾಯಿತು. “ಹಂಗಾದ್ರ... ಗುತ್ತೆವ್ವ?”

“ಪುಸ್ತಕದಾಗ ಇಲ್ರಿ.”

“ಎಲ್ಲೂ ಇಲ್ಲ?”

“ಎಲ್ಲೂ ಇಲ್ಲ.”

ರಾಣಿ ಸತ್ತಾಗ ಉಣ್ಣದೇ ಕೂತಿದ್ದನೇ ಹೊರತು ಉಳವಪ್ಪ ಅತ್ತಿರಲಿಲ್ಲ. ಈಗ ಅತ್ತ. ಹೆಗಲು ಅಲುಗುವಂತೆ, ಮನೆಯ ಹಿರಿಯರೊಬ್ಬರು ತೀರಿಕೊಂಡರೇನೋ ಎಂಬಂತೆ ಅತ್ತ. “ಅಂಥಾ ಜೀವ ಇಲ್ಲ ಅಂದ್ರ ಹೆಂಗ ಫಕ್ಕೀರಿ? ದಿನಾ ಆಕಿ ಕೂಡ ಕುಂತಂಗ ಇರ್ತಿತ್ತು. ಕಣ್ಣ ಹೋಗೈತಿ ಅನ್ನೂದು ಮರ್ತಿದ್ನಿ.”

ಫಕ್ಕೀರವ್ವನ ಕಣ್ಣೂ ತುಂಬಿತು. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯಲ್ಲಿ, “ನಾ ಇದ್ದೇನಲ್ರಿ,” ಅಂದಳು.

“ನೀ ಇದ್ದಿ, ಖರೆ,” ಎಂದು ವಲ್ಲಿಯಿಂದ ಮೂಗು ಒರೆಸಿಕೊಂಡ ಉಳವಪ್ಪ. “ಆದ್ರ ಗುತ್ತೆವ್ವ ಇಲ್ಲಲ್ಲ.”

ಯಾರ ಮೇಲೆ ಸಿಟ್ಟಾಗಬೇಕು ಈಗ? ಒಬ್ಬ ಸವತಿಯನ್ನು ಕಳೆಯಲು ಹೋಗಿ ಇನ್ನೊಬ್ಬಳನ್ನು ಹೆತ್ತು, ಸಾಕಿ, ತನ್ನ ಕೈಗುಣವನ್ನೆಲ್ಲ ಧಾರೆಯೆರೆದು ಕೊಟ್ಟವಳು ತಾನೇ. ಫಕ್ಕೀರವ್ವ ಪುಸ್ತಕ ಮುಚ್ಚಿ ಗೂಡಿನಲ್ಲಿಟ್ಟಳು. ಇನ್ನು ಅದರ ಹಂಗು ಬೇಕಾಗಿರಲಿಲ್ಲ.

“ಅಳಬ್ಯಾಡ್ರಿ. ಕೇಳ್ರಿ ಮುಂದ,” ಅಂದಳು.

ಆತ ಅಳು ನಿಲ್ಲಿಸಿ ಕಿವಿಗೊಟ್ಟ. ಆಕೆ ಹಲ್ಲು ಕಚ್ಚಿಕೊಂಡು ಗುತ್ತೆವ್ವನನ್ನು ಎಬ್ಬಿಸಿ, ಒಲೆಯ ಮುಂದೆ ಕೂರಿಸಿದಳು. ಅರಸರನ್ನು ಸಾಲಾಗಿ ಕೂರಿಸಿದಳು. ಎಲ್ಲರೂ ನೋಡುತ್ತಿದ್ದಂತೆ ಗುತ್ತೆವ್ವನ ಕೈಯಲ್ಲಿ ರೊಟ್ಟಿ ಸುಡಿಸಿದಳು. ಒಂದಲ್ಲ, ಒಂದರ ಹಿಂದೆ ಒಂದರಂತೆ ಹನ್ನೆರಡು, ಕರ್ರಗೆ, ನಾಯಿಯೂ ಮೂಸದ ಹಾಗೆ.

ಉಳವಪ್ಪ ತಲೆಯಾಡಿಸಿ ನಿಟ್ಟುಸಿರುಬಿಟ್ಟ.

“ಸುಡ್ಲಿ ಬಿಡ,” ಅಂದ. “ಪಾಪ, ದಣದಿರಬೇಕ ಆಕಿ.”

ಇಪ್ಪತ್ತೆಂಟು ವರ್ಷದಲ್ಲಿ ಫಕ್ಕೀರವ್ವನ ಕೈಯಲ್ಲಿ ಎಷ್ಟು ರೊಟ್ಟಿ ಸುಟ್ಟು ಕರಕಾಗಿದ್ದವೋ ಲೆಕ್ಕವಿಲ್ಲ. ಆ ಮಾತನ್ನು ಆಕೆ ಒಮ್ಮೆಯೂ ಕೇಳಿರಲಿಲ್ಲ.